ಸಣ್ಣ ಗಾಳಿಯಲ್ಲೇ ತಿರುಗಲು ಕಲಿಯಬೇಕು

ನಮ್ಮ ಕಾಲೇಜಿನ ಈ ವರ್ಷದ ಪಠ್ಯೇತರ ಚಟುವಟಿಕೆಗಳ ಪಟ್ಟಿಯಲ್ಲಿ ಚರ್ಚಾಸ್ಪರ್ಧೆ ಇದೆ, ಕ್ರಿಕೆಟ್ ಇದೆ, ಕ್ವಿಜ್ ಇದೆ, ಮೆಹಂದಿ ಸ್ಪರ್ಧೆಯೂ ಇದೆ. ಕೊನೆಯ ಸಾಲಿನಲ್ಲಿ ‘ಶರಾವತಿ ಹಿನ್ನೀರಿನ ಜಲಕ್ರೀಡಾ ಶಿಬಿರ’ ಎಂದು ಬರೆದು, ಅದರ ಮುಂದೆ ‘ಪರಿಶೀಲನೆಯಲ್ಲಿದೆ’ ಎಂದು ಸೇರಿಸಲಾಗಿದೆ. ಕಳೆದ ವರ್ಷ ಹೋಗಿ ಬಂದ ಹನ್ನೊಂದು ಜನರಲ್ಲಿ ನಾನೂ ಒಬ್ಬಳು. ‘ಪರಿಶೀಲನೆ’ ಎಂಬ ಪದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಏನರ್ಥ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಆ ಸಾಲು ಅಳಿಸಿಹೋಗುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಿವಿಗೆ ಬಿದ್ದ ಆಕ್ಷೇಪಗಳು ನಾಲ್ಕು. ಕಾಮರ್ಸ್ ಓದುವವರಿಗೆ ಹಾಯಿ ಹಲಗೆಯಿಂದ ಏನು ಪ್ರಯೋಜನ? ಇಷ್ಟು ಖರ್ಚು ಏಕೆ? ನೀರಿನಲ್ಲಿ ಏನಾದರೂ ಆದರೆ ಹೊಣೆ ಯಾರದು? ನಾಲ್ಕನೆಯದು ಮೆಲ್ಲಗೆ ಕೇಳುವ ಪ್ರಶ್ನೆ: ಹುಡುಗರು ಹೋದರೆ ಸಾಲದೇ? ನಾಲ್ಕಕ್ಕೂ ಉತ್ತರ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ನಾವು ಅಲ್ಲಿ ಕಲಿತದ್ದು ಏನೆಂದು ಹೇಳಬೇಕು. ಏಕೆಂದರೆ ಆಕ್ಷೇಪಿಸುವವರಲ್ಲಿ ಹೆಚ್ಚಿನವರು ಅದನ್ನು ಪಿಕ್‌ನಿಕ್ ಎಂದುಕೊಂಡಿದ್ದಾರೆ.

ವಿಂಡ್‌ಸರ್ಫಿಂಗ್ ಎಂದರೆ ಒಂದು ಉದ್ದನೆಯ ಹಲಗೆ, ಅದರ ಮೇಲೆ ಒಂದು ಕಂಬ, ಕಂಬಕ್ಕೆ ಒಂದು ಹಾಯಿ. ಹಾಯಿಯನ್ನು ಹಿಡಿಯಲು ಅಡ್ಡಲಾಗಿ ಬಾಗಿದ ಒಂದು ಹಿಡಿಕೆ ಇರುತ್ತದೆ, ಅದಕ್ಕೆ ಬೂಮ್ ಎನ್ನುತ್ತಾರೆ. ದೋಣಿಯ ಕಂಬ ನೆಟ್ಟಗೆ ನಿಂತಿರುತ್ತದೆ. ಇಲ್ಲಿನ ಕಂಬ ಹಾಗಲ್ಲ. ಬುಡದಲ್ಲಿ ಒಂದು ಕೀಲು ಇರುವುದರಿಂದ ಅದು ಎತ್ತ ಬೇಕಾದರೂ ವಾಲುತ್ತದೆ. ಈ ಹಲಗೆಗೆ ಚುಕ್ಕಾಣಿಯೂ ಇಲ್ಲ. ಕಂಬವನ್ನು ಹಿಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯ ಕಡೆಗೆ ತಿರುಗುತ್ತದೆ, ಮುಂದಕ್ಕೆ ವಾಲಿಸಿದರೆ ಗಾಳಿಯಿಂದ ದೂರಕ್ಕೆ ತಿರುಗುತ್ತದೆ. ಚುಕ್ಕಾಣಿಯ ಕೆಲಸವೆಲ್ಲ ನಿಂತವರ ಮೈಯೇ ಮಾಡಬೇಕು.

ಕಾಮರ್ಸ್ ವಿದ್ಯಾರ್ಥಿಗಳಿಗೆ ಇದರ ಇತಿಹಾಸದಲ್ಲೂ ಒಂದು ಪಾಠವಿದೆ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಉದ್ಯಮಿ ಹೋಯ್ಲ್ ಶ್ವೈಟ್ಜರ್ ಈ ಹಲಗೆಗೆ 1968ರಲ್ಲಿ ಪೇಟೆಂಟ್ ಅರ್ಜಿ ಹಾಕಿ 1970ರಲ್ಲಿ ಅದನ್ನು ಪಡೆದರು. ವ್ಯಾಪಾರ ದೊಡ್ಡದಾಯಿತು. ಬೇರೆ ಕಂಪನಿಗಳು ಅಂಥದೇ ಹಲಗೆ ಮಾಡತೊಡಗಿದಾಗ ಮೊಕದ್ದಮೆಗಳು ಶುರುವಾದವು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1985ರಲ್ಲಿ ಆ ಪೇಟೆಂಟ್ ಅಲ್ಲಿ ಊರ್ಜಿತವಲ್ಲ ಎಂದು ತೀರ್ಪು ಕೊಟ್ಟಿತು. ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ 1958ರಲ್ಲೇ ಹೇಲಿಂಗ್ ದ್ವೀಪದ ಬಳಿ ತಾನೇ ಮಾಡಿಕೊಂಡ ಹಾಯಿ ಹಲಗೆಯ ಮೇಲೆ ಎಲ್ಲರ ಕಣ್ಣೆದುರು ಆಡಿದ್ದ. ಅಮೆರಿಕದ ನ್ಯೂಮನ್ ಡಾರ್ಬಿ ತನ್ನ ಹಾಯಿ ಹಲಗೆಯ ಬಗ್ಗೆ 1965ರಲ್ಲಿ ಪತ್ರಿಕೆಯೊಂದರಲ್ಲಿ ಬರೆದಿದ್ದ. ಈಗಾಗಲೇ ಸಾರ್ವಜನಿಕರಿಗೆ ಗೊತ್ತಿರುವುದರಿಂದ ಸುಲಭವಾಗಿ ಊಹಿಸಬಹುದಾದ ವಸ್ತುವಿಗೆ ಪೇಟೆಂಟ್ ನಿಲ್ಲುವುದಿಲ್ಲ ಎಂಬ ನಿಯಮಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ. ನಮಗಿಂತ ಐದು ವರ್ಷ ಚಿಕ್ಕವನೊಬ್ಬನ ಆಟ ಒಂದು ದೊಡ್ಡ ಕಂಪನಿಯ ಹಕ್ಕನ್ನು ಅಲುಗಾಡಿಸಿತು.

ಈಗ ತಿರುವಿನ ವಿಷಯಕ್ಕೆ ಬರುತ್ತೇನೆ. ಹಲಗೆಯ ಮೇಲೆ ನೇರವಾಗಿ ಹೋಗುವುದನ್ನು ಒಂದೆರಡು ದಿನಗಳಲ್ಲಿ ಯಾರಾದರೂ ಕಲಿಯುತ್ತಾರೆ. ಹೋದವರು ವಾಪಸ್ ಬರಬೇಕಲ್ಲ, ಅಲ್ಲಿ ನಿಜವಾದ ಕಲಿಕೆ ಶುರುವಾಗುತ್ತದೆ. ತಿರುಗಲು ಎರಡು ದಾರಿಗಳಿವೆ. ಹಲಗೆಯ ಮೂತಿ ಗಾಳಿಯನ್ನು ದಾಟುವಂತೆ ತಿರುಗಿದರೆ ಅದು ಟ್ಯಾಕ್. ಹಲಗೆಯ ಬಾಲ ಗಾಳಿಯನ್ನು ದಾಟುವಂತೆ ತಿರುಗಿದರೆ ಅದು ಜೈಬ್. ಟ್ಯಾಕ್ ಮಾಡುವಾಗ ವೇಗ ತಾನಾಗಿಯೇ ಕಡಿಮೆಯಾಗುತ್ತದೆ. ಜೈಬ್ ಹಾಗಲ್ಲ. ಗಾಳಿಗೆ ಬೆನ್ನು ಕೊಟ್ಟು, ಅದು ತಳ್ಳುತ್ತಿರುವಾಗಲೇ ತಿರುಗಬೇಕು, ತಿರುವಿನ ಮಧ್ಯದಲ್ಲೇ ಹಾಯಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಬಿಡಬೇಕು.

ಸಣ್ಣ ಗಾಳಿಯಲ್ಲಿ ಜೈಬ್‌ನ ಕ್ರಮ ಹೀಗೆ. ಮೊದಲು ಕಂಬವನ್ನು ಮುಂದಕ್ಕೆ ವಾಲಿಸಿ ಹಲಗೆಯನ್ನು ಗಾಳಿ ಹೋಗುವ ದಿಕ್ಕಿಗೇ ತಿರುಗಿಸಬೇಕು. ಆಗ ಹಾಯಿ ಹಲಗೆಗೆ ಅಡ್ಡಲಾಗಿ ಬಾಗಿಲಿನಂತೆ ನಿಲ್ಲುತ್ತದೆ. ಅನಂತರ ಕಂಬವನ್ನು ಒಂದು ಪಕ್ಕಕ್ಕೆ ವಾಲಿಸಬೇಕು. ಬಲಕ್ಕೆ ವಾಲಿಸಿದರೆ ಹಲಗೆ ಎಡಕ್ಕೆ ತಿರುಗುತ್ತದೆ. ದೋಣಿಯ ಬಲಗಡೆ ಮಾತ್ರ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ಹೋಗುವುದಿಲ್ಲವೇ, ಹಾಗೆ. ಜೊತೆಗೆ ಒಂದು ಹೆಜ್ಜೆ ಹಿಂದಿಟ್ಟು ಮೊಣಕಾಲು ಬಗ್ಗಿಸಿದರೆ ಬಾಲ ಸ್ವಲ್ಪ ಮುಳುಗಿ ಹಲಗೆ ಬೇಗ ತಿರುಗುತ್ತದೆ. ಹಲಗೆ ಹೊಸ ದಿಕ್ಕಿಗೆ ಬಂದಾಗ ಹಾಯಿ ಇನ್ನೂ ಹಳೆಯ ಬದಿಯಲ್ಲೇ ಇರುತ್ತದೆ. ಆಗ ಹಿಂದಿನ ಕೈ ಬಿಡಬೇಕು. ಹಾಯಿ ಮೂತಿಯ ಮೇಲಿನಿಂದ ಸುತ್ತಿ ಬರುತ್ತದೆ. ಕಂಬವನ್ನು ಹಿಡಿದು, ಕಾಲು ಬದಲಿಸಿ, ಹೊಸ ಬದಿಯ ಬೂಮ್ ಹಿಡಿದು ಹೊರಡಬೇಕು. ಇಷ್ಟೇ. ಓದಲು ಒಂದು ನಿಮಿಷ, ಮಾಡಲು ಏಳೆಂಟು ಸೆಕೆಂಡು, ಕಲಿಯಲು ನನಗೆ ಎರಡು ಶಿಬಿರ.

ದೊಡ್ಡ ಗಾಳಿಯಲ್ಲಿ ಮಾಡುವ ಕಾರ್ವ್ ಜೈಬ್ ಬೇರೆಯೇ. ಗಾಳಿ ಗಂಟೆಗೆ 20 ಕಿಲೋಮೀಟರ್ ದಾಟಿದ ಮೇಲೆ, ಸರಿಯಾದ ಅಳತೆಯ ಹಾಯಿ ಇದ್ದರೆ, ಹಲಗೆ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಆಗ ಹಿಂದಿನ ಕಾಲನ್ನು ಪಟ್ಟಿಯಿಂದ ಬಿಡಿಸಿ, ಹಲಗೆಯ ಒಳಅಂಚಿನ ಮೇಲಿಟ್ಟು ಒತ್ತಿ, ಸೈಕಲ್ ತಿರುವಿನಲ್ಲಿ ವಾಲಿದಂತೆ ವಾಲಬೇಕು. ನಮ್ಮ ತರಬೇತುದಾರರು ಅದನ್ನು ಮಾಡಿದ್ದನ್ನು ನಾವು ದಡದಲ್ಲಿ ಬಾಯಿಬಿಟ್ಟುಕೊಂಡು ನೋಡಿದೆವು. ಕಲಿಸಿ ಎಂದು ಹುಡುಗರು ದುಂಬಾಲು ಬಿದ್ದಾಗ ಅವರು ಒಪ್ಪಲಿಲ್ಲ. “ಎಲೆ ಅಲುಗುವಷ್ಟು ಗಾಳಿಯಲ್ಲಿ ತಿರುಗಲು ಬಾರದವರು ಕೊಂಬೆ ಅಲುಗುವ ಗಾಳಿಯಲ್ಲಿ ತಿರುಗುವುದಿಲ್ಲ, ಬೀಳುತ್ತಾರೆ” ಎಂದರು. ನನ್ನ ಇಡೀ ಲೇಖನದ ಅಭಿಪ್ರಾಯ ಆ ಒಂದು ಮಾತಿನಲ್ಲಿದೆ.

ಜೈಬ್ ಉತ್ತಮವಾಗುವುದು ಹೇಗೆ ಎಂಬುದನ್ನು ನಾನು ಲೆಕ್ಕದ ಪುಸ್ತಕದಿಂದ ಕಲಿತೆ. ಮೊದಲ ಶಿಬಿರ ಕಳೆದ ವರ್ಷದ ದಸರಾ ರಜೆಯಲ್ಲಿ. ಕೊನೆಯ ಮೂರು ದಿನ ಒಟ್ಟು 60 ಸಲ ಪ್ರಯತ್ನಿಸಿ 9 ಸಲ ಪೂರ್ತಿ ತಿರುಗಿದೆ. ಬೇಸಿಗೆಯಲ್ಲಿ ಸಾಗರದ ಖಾಲಾ ಮನೆಗೆ ಹೋದಾಗ ಮತ್ತೆ ಐದು ದಿನ ಅಲ್ಲಿಗೇ ಸೇರಿಕೊಂಡೆ. ಈ ಸಲ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿಕೊಂಡು ದಿನಕ್ಕೆ 20 ಪ್ರಯತ್ನಗಳನ್ನು ಬರೆಯುತ್ತಾ ಹೋದೆ. ಮೊದಲ ದಿನ 20ರಲ್ಲಿ 6. ಒಟ್ಟು ಮೊತ್ತ ಅಷ್ಟೇ ಹೇಳಿತು. ಆದರೆ ಬದಿಗಳನ್ನು ಬೇರೆ ಮಾಡಿದಾಗ ಎಡಕ್ಕೆ ತಿರುಗಿದ್ದು 10ರಲ್ಲಿ 5, ಬಲಕ್ಕೆ 10ರಲ್ಲಿ 1. ಅಂದರೆ ನನಗೆ ಜೈಬ್ ಕಷ್ಟವಾಗಿರಲಿಲ್ಲ, ಬಲಗಡೆಯ ಜೈಬ್ ಕಷ್ಟವಾಗಿತ್ತು. ಇನ್ನೊಂದು ಕಾಲಂನಲ್ಲಿ ಎಲ್ಲಿ ಬಿದ್ದೆ ಎಂದು ಬರೆದಿದ್ದೆ. ಪೂರ್ತಿಯಾಗದ 14ರಲ್ಲಿ 9 ಹಾಯಿ ಬದಲಿಸುವಾಗ, 3 ಕಾಲು ಬದಲಿಸುವಾಗ, 2 ತಿರುವಿಗೆ ಮುಂಚೆಯೇ ವೇಗ ಸತ್ತಾಗ.

ಆ ಪುಟವನ್ನು ತರಬೇತುದಾರರಿಗೆ ತೋರಿಸಿದೆ. ಮರುದಿನ ಬೆಳಿಗ್ಗೆ ಅವರು ನನ್ನನ್ನು ನೀರಿಗೇ ಬಿಡಲಿಲ್ಲ. ಫಿನ್ ಬಿಚ್ಚಿದ ಹಲಗೆಯನ್ನು ದಡದ ಹುಲ್ಲಿನ ಮೇಲಿಟ್ಟು, ಹಾಯಿ ಬದಲಿಸುವುದೊಂದನ್ನೇ, ಬಲಗಡೆಗೆ ಮಾತ್ರ, ನಲವತ್ತು ಸಲ ಮಾಡಿಸಿದರು. ಮಾಡುವಾಗ ಕಾಲು ನೋಡಬಾರದು, ಎತ್ತ ಹೋಗಬೇಕೋ ಅತ್ತ ನೋಡಬೇಕು. ಕಣ್ಣು ಕೆಳಗೆ ಹೋದರೆ ತಲೆ ಬಗ್ಗುತ್ತದೆ, ತಲೆ ಬಗ್ಗಿದರೆ ಸೊಂಟ ಬಗ್ಗುತ್ತದೆ, ಸೊಂಟ ಬಗ್ಗಿದರೆ ಮುಂದಿನದು ನೀರು. ಗೆಳತಿಯೊಬ್ಬಳು ದಡದಲ್ಲಿ ಕುಳಿತು ಫೋನಿನಲ್ಲಿ ವಿಡಿಯೊ ಮಾಡಿದಳು. ಮೊಣಕಾಲು ಬಗ್ಗಿಸಿದ್ದೇನೆ ಎಂದು ನನಗೆ ಅನಿಸುತ್ತಿದ್ದಾಗ ವಿಡಿಯೊದಲ್ಲಿ ಅವು ಬಿದಿರಿನಂತೆ ನೆಟ್ಟಗಿದ್ದವು. ಇದು ನನ್ನೊಬ್ಬಳ ವಿಷಯವಲ್ಲ, ಎಲ್ಲರ ವಿಡಿಯೊದಲ್ಲೂ ಹಾಗೇ ಇತ್ತು. ಮೈ ತನ್ನ ಬಗ್ಗೆ ತಾನೇ ಕೊಡುವ ವರದಿಗೆ ಆಡಿಟ್ ಬೇಕು.

ಐದನೆಯ ದಿನದ ಲೆಕ್ಕ: 20ರಲ್ಲಿ 14. ಎಡಕ್ಕೆ 8, ಬಲಕ್ಕೆ 6. ಗಾಳಿ ಹೆಚ್ಚಾಗಿರಲಿಲ್ಲ, ಹಲಗೆ ಬದಲಾಗಿರಲಿಲ್ಲ, ನನಗೆ ಹೊಸ ಧೈರ್ಯವೇನೂ ಬಂದಿರಲಿಲ್ಲ. ಎಲ್ಲಿ ಬೀಳುತ್ತೇವೆ ಎಂದು ಬರೆದಿಟ್ಟು, ಆ ತುಂಡನ್ನಷ್ಟೇ ಬಿಡಿಸಿ, ಸಣ್ಣ ಗಾಳಿಯಲ್ಲಿ, ಇನ್ನೊಬ್ಬರ ಕಣ್ಣೆದುರು ಮತ್ತೆ ಮತ್ತೆ ಮಾಡಿದ್ದಕ್ಕೆ ಬಂದ ಫಲ ಅದು.

ಮೊದಲ ಆಕ್ಷೇಪಕ್ಕೆ ಇದೇ ನನ್ನ ಉತ್ತರ. ಕಾಮರ್ಸ್ ಓದುವವರಿಗೆ ಪ್ರಯೋಜನವೇನು ಎಂದರೆ, ಕಲಿಯುವ ರೀತಿ. ನಾವು ಹೇಗೆ ಓದುತ್ತೇವೆ ಎಂದು ಒಮ್ಮೆ ನೋಡಿಕೊಳ್ಳೋಣ. ಟೆಸ್ಟ್ ಆಗುತ್ತದೆ, ಅಕೌಂಟೆನ್ಸಿಯಲ್ಲಿ 80ಕ್ಕೆ 41 ಬರುತ್ತದೆ, “ಇನ್ನೂ ಕಷ್ಟಪಡು” ಎನ್ನುತ್ತಾರೆ. 41 ಎಂಬುದು ಬರೀ ಮೊತ್ತ. ಪಾಲುದಾರ ನಿವೃತ್ತನಾಗುವ ಲೆಕ್ಕದಲ್ಲಿ ಬಿದ್ದೆನೋ, ಗುಡ್‌ವಿಲ್ ಹೊಂದಾಣಿಕೆಯಲ್ಲಿ ಬಿದ್ದೆನೋ, ಸಮಯ ಸಾಲದೆ ಬಿದ್ದೆನೋ ಎಂಬುದನ್ನು ಅದು ಹೇಳುವುದಿಲ್ಲ. ಹೀಗಾಗಿ ನಾವು ಬರುವ ಅಧ್ಯಾಯವನ್ನೇ ಮತ್ತೆ ಓದುತ್ತೇವೆ, ಏಕೆಂದರೆ ಅದು ಖುಷಿ ಕೊಡುತ್ತದೆ. ಎಡಗಡೆಯ ಜೈಬ್ ಮಾಡುತ್ತಾ ಇರುತ್ತೇವೆ. ಬಲಗಡೆಯದನ್ನು ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ವಾರಕ್ಕೆ, ಅಂದರೆ ಗಾಳಿ ಜೋರಾಗುವ ದಿನಕ್ಕೆ ಬಿಡುತ್ತೇವೆ.

ಭಾಷೆಯಲ್ಲೂ ಹಾಗೆಯೇ. ನಮ್ಮ ಮನೆಯಲ್ಲಿ ಉರ್ದು, ಕಾಲೇಜಿನ ಅಂಗಳದಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಮೂರೂ ನೇರವಾಗಿ ಹೋಗುವಾಗ ನಮಗೆ ಚೆನ್ನಾಗಿಯೇ ಬರುತ್ತವೆ. ಒಂದರಿಂದ ಇನ್ನೊಂದಕ್ಕೆ ತಿರುಗುವಾಗ ಮಾತು ತಡವರಿಸುತ್ತದೆ. ಬ್ಯಾಂಕಿಗೆ ಹೋಗಿ ಅಪ್ಪನ ಪರವಾಗಿ ಕನ್ನಡದಲ್ಲಿ ಅರ್ಜಿ ಬರೆಯಬೇಕಾದಾಗ, ವೇದಿಕೆಯ ಮೇಲೆ ಪ್ರಶ್ನೆಗೆ ಉತ್ತರಿಸಬೇಕಾದಾಗ ಅದು ಗೊತ್ತಾಗುತ್ತದೆ. ತಿರುವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕು ಎಂದು ನಮಗೆ ಯಾರೂ ಹೇಳಿಲ್ಲ. ನಗುವವರು ಕಡಿಮೆ ಇರುವ ಕಡೆ, ನಾಲ್ಕು ಗೆಳತಿಯರ ನಡುವೆ, ಅಂದರೆ ಸಣ್ಣ ಗಾಳಿಯಲ್ಲಿ, ದಿನಕ್ಕೆ ಹತ್ತು ನಿಮಿಷ ಮಾಡಿದರೆ ಸಾಕು. ನಾವು ಐದು ಜನ ಈಗ ಊಟದ ಬಿಡುವಿನಲ್ಲಿ ಹಾಗೆ ಮಾಡುತ್ತಿದ್ದೇವೆ.

ಎರಡನೆಯ ಆಕ್ಷೇಪ ಖರ್ಚಿನದು. ಇದು ನ್ಯಾಯವಾದ ಪ್ರಶ್ನೆ. ಹೊಸ ಹಲಗೆ ಮತ್ತು ಹಾಯಿಯ ಬೆಲೆ ಒಂದು ಸ್ಕೂಟರಿನ ಬೆಲೆಗಿಂತ ಹೆಚ್ಚು. ಆದರೆ ಯಾರೂ ಅದನ್ನು ಕೊಳ್ಳಬೇಕಾಗಿಲ್ಲ, ಶಿಬಿರದಲ್ಲಿ ಅವರೇ ಕೊಡುತ್ತಾರೆ. ನಮ್ಮ ಖರ್ಚು ಬಸ್ಸು, ಊಟ ಮತ್ತು ಶುಲ್ಕ. ಬಸ್ಸು ಸ್ಥಿರ ವೆಚ್ಚ. ಹನ್ನೊಂದು ಜನ ಹೋದರೂ ನಲವತ್ತು ಜನ ಹೋದರೂ ಅದರ ಬಾಡಿಗೆ ಅಷ್ಟೇ. ಕಳೆದ ವರ್ಷ ತಲಾ ಖರ್ಚು ಹೆಚ್ಚಾದದ್ದು ಅರ್ಧ ಬಸ್ಸು ಖಾಲಿ ಇದ್ದುದರಿಂದ. ಹುಡುಗರನ್ನು ಮಾತ್ರ ಕಳಿಸೋಣ ಎನ್ನುವವರು ಖರ್ಚನ್ನು ಉಳಿಸುತ್ತಿಲ್ಲ, ಸೀಟು ಖಾಲಿ ಬಿಡುತ್ತಿದ್ದಾರೆ. ಶುಲ್ಕ ಕಟ್ಟಲಾಗದವರಿಗೆ ಪ್ರವಾಸ ನಿಧಿಯಿಂದ ಸಹಾಯ ಮಾಡಬಹುದು. ಕೇಳುವವರು ಹೆಸರು ಹೇಳಲು ಮುಜುಗರಪಡದಂತೆ ಅರ್ಜಿಯನ್ನು ನೇರವಾಗಿ ಪ್ರಾಂಶುಪಾಲರಿಗೆ ಕೊಡುವ ವ್ಯವಸ್ಥೆ ಇದ್ದರೆ ಒಳ್ಳೆಯದು.

ಮೂರನೆಯದು ಸುರಕ್ಷತೆ. ಇದು ನಾಲ್ಕರಲ್ಲಿ ಅತ್ಯಂತ ಗಟ್ಟಿಯಾದ ಆಕ್ಷೇಪ, ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೂವತ್ತು ವರ್ಷ ತುಂಬದವರು. ನಮ್ಮ ಜಿಲ್ಲೆಯ ಪತ್ರಿಕೆಯಲ್ಲೂ ಪ್ರತಿ ಬೇಸಿಗೆಯಲ್ಲಿ ಕೆರೆಗೆ, ನಾಲೆಗೆ ಇಳಿದ ಹುಡುಗರ ಸುದ್ದಿ ಬರುತ್ತದೆ. ಆದರೆ ಆ ಸುದ್ದಿಗಳನ್ನು ಗಮನವಿಟ್ಟು ಓದಿ. ಅವರು ಯಾವ ಶಿಬಿರಕ್ಕೂ ಹೋದವರಲ್ಲ. ಲೈಫ್ ಜಾಕೆಟ್ ಇಲ್ಲದೆ, ಈಜು ಬಾರದೆ, ದೊಡ್ಡವರಿಗೆ ಹೇಳದೆ ನೀರಿಗೆ ಇಳಿದವರು. ನೀರನ್ನು ನಿಷೇಧಿಸಿದರೆ ಮಕ್ಕಳು ನೀರಿನಿಂದ ದೂರ ಉಳಿಯುವುದಿಲ್ಲ, ಕಲಿಯದೆ ಹತ್ತಿರ ಹೋಗುತ್ತಾರೆ.

ಶಿಬಿರದಲ್ಲಿ ಮೊದಲ ಮೂರು ದಿನ ನಮಗೆ ಹಲಗೆಯನ್ನು ಮುಟ್ಟಲೂ ಬಿಡಲಿಲ್ಲ. ತೇಲುವುದು, ಈಜುವುದು, ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುವುದು, ಇವೇ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದ ಮೇಲೆ ಊರು, ಗದ್ದೆ, ಕಾಡು ಮುಳುಗಿ ಆದ ನೀರು ಅದು. ಮಟ್ಟ ಇಳಿದಾಗ ಮರದ ಬೊಡ್ಡೆಗಳು ಕಾಣುತ್ತವೆ. ಆದ್ದರಿಂದ ಗುರುತು ಹಾಕಿದ ಜಾಗ ಬಿಟ್ಟು ಹೋಗಬಾರದು, ತಲೆ ಮುಂದಾಗಿ ಹಾರಬಾರದು ಎಂದು ಹೇಳಿಕೊಟ್ಟರು. ಮನೆಮಠ ಬಿಟ್ಟು ಎದ್ದವರ ನೆನಪಿಗೆ ಗೌರವ ಕೊಟ್ಟು ಈ ನೀರಿಗೆ ಇಳಿಯಿರಿ ಎಂದೂ ಹೇಳಿದರು. ದಡದಿಂದ ಆಚೆಗೆ ಬೀಸುವ ಗಾಳಿಯಲ್ಲಿ ಹೊಸಬರು ಹೊರಡಬಾರದು, ಏಕೆಂದರೆ ಅದು ಹೋಗಲು ಸುಲಭ, ಬರಲು ಕಷ್ಟ. ಏನೇ ಆದರೂ ಹಲಗೆಯನ್ನು ಬಿಡಬಾರದು, ಅದು ಮುಳುಗುವುದಿಲ್ಲ. ದಣಿದರೆ ಹಾಯಿಯನ್ನು ಹಲಗೆಯ ಮೇಲೆ ಮಲಗಿಸಿ ಕೈಯಿಂದ ಹುಟ್ಟು ಹಾಕುತ್ತಾ ಬರಬೇಕು. ಅದೂ ಆಗದಿದ್ದರೆ ಹಲಗೆಯ ಮೇಲೆ ಕುಳಿತು ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಮಾಡಬೇಕು. ಇದು ಎಲ್ಲ ದೇಶಗಳಲ್ಲೂ ‘ಸಹಾಯ ಬೇಕು’ ಎನ್ನುವ ಸಂಕೇತ. ಇವನ್ನೆಲ್ಲ ಕಲಿತ ಹನ್ನೊಂದು ಜನ ಈಗ ಈ ಕಾಲೇಜಿನಲ್ಲಿದ್ದಾರೆ. ಹೊಣೆ ಯಾರದು ಎಂದು ಕೇಳುವವರಿಗೆ ನನ್ನ ಮಾತು: ಕಲಿಸದಿರುವುದಕ್ಕೂ ಒಂದು ಹೊಣೆ ಇದೆ.

ಕೊನೆಯ ಆಕ್ಷೇಪ ನಮ್ಮ ಬಗ್ಗೆ, ಅಂದರೆ ಹುಡುಗಿಯರ ಬಗ್ಗೆ. ನಮ್ಮ ಮನೆಯಲ್ಲೂ ಮೊದಲ ಪ್ರಶ್ನೆ ಅದೇ ಬಂತು. ದಾದಿಮಾ, “ಪಾನೀ ಮೆ ಕೈಕು ಜಾನಾ?” ಎಂದರು, ನೀರಿಗೆ ಯಾಕೆ ಹೋಗಬೇಕು ಅಂತ. ಕೋಪದಿಂದಲ್ಲ, ಹೆದರಿ. ಅಮ್ಮಿ ಬೇರೆ ಪ್ರಶ್ನೆ ಕೇಳಿದರು: ಕಲಿಸುವವರು ಯಾರು, ಬಟ್ಟೆ ಯಾವುದು, ಮಲಗುವುದೆಲ್ಲಿ? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಒಪ್ಪಿದರು. ನಮಗೆ ಕಲಿಸಿದವರಲ್ಲಿ ಇಬ್ಬರು ಮಹಿಳೆಯರಿದ್ದರು. ನಮ್ಮ ತಂಡ ಬೆಳಿಗ್ಗೆ, ಹುಡುಗರ ತಂಡ ಮಧ್ಯಾಹ್ನ. ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟ್, ಮೇಲೆ ಲೈಫ್ ಜಾಕೆಟ್, ತಲೆಗೆ ಬಿಗಿಯಾದ ಟೋಪಿ. ಬಿಸಿಲಿಗೂ ಅದೇ ಒಳ್ಳೆಯದು. ನಮ್ಮ ಉಪನ್ಯಾಸಕಿಯೊಬ್ಬರು ಜೊತೆಯಲ್ಲೇ ಇದ್ದರು, ಎರಡನೆಯ ದಿನ ಅವರೂ ನೀರಿಗಿಳಿದರು. ಮನೆಯವರು ಹೆದರುವುದು ಸಹಜ. ಅದಕ್ಕೆ ಅಮ್ಮಿ ಕೇಳಿದಂಥ ಪ್ರಶ್ನೆಗಳಿಗೆ ಕಾಲೇಜು ಮುಂಚೆಯೇ ಬರವಣಿಗೆಯಲ್ಲಿ ಉತ್ತರ ಕೊಟ್ಟರೆ ಅರ್ಧ ಆಕ್ಷೇಪಗಳು ಬರುವುದೇ ಇಲ್ಲ.

ಹಾಯಿ ನಮಗೆ ಹೊಸದೂ ಅಲ್ಲ. ಉರ್ದುವಿನಲ್ಲಿ ಹಾಯಿಗೆ ಬಾದ್‌ಬಾನ್ ಎನ್ನುತ್ತಾರೆ, ಬಾದ್ ಎಂದರೆ ಗಾಳಿ. ನಾವು ಕಲಿತ ಹಿನ್ನೀರಿನ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಅದೇ ಹೊನ್ನಾವರಕ್ಕೆ, ಭಟ್ಕಳಕ್ಕೆ ಅರಬ್ಬರ ಹಡಗುಗಳು ಕುದುರೆಗಳನ್ನು ಹೊತ್ತು ಬರುತ್ತಿದ್ದವು. ಮುಕ್ಕೋನ ಹಾಯಿಯ ಆ ಹಡಗುಗಳು ದಿಕ್ಕು ಬದಲಿಸುತ್ತಿದ್ದುದು ಸಾಮಾನ್ಯವಾಗಿ ಬಾಲವನ್ನು ಗಾಳಿಗೆ ದಾಟಿಸಿಯೇ, ಏಕೆಂದರೆ ಹಾಯಿ ಕಟ್ಟಿದ ಉದ್ದನೆಯ ಮರವನ್ನು ಕಂಬದ ಮುಂದಿನಿಂದ ಸುತ್ತಿಸಿ ಒಯ್ಯಬೇಕಿತ್ತು. ಅಂದರೆ ಅವರೂ ಒಂದು ಬಗೆಯ ಜೈಬನ್ನೇ ಮಾಡುತ್ತಿದ್ದರು, ನಮ್ಮದಕ್ಕಿಂತ ಬಹಳ ದೊಡ್ಡದು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತಾ, ಆ ಊರಿನಲ್ಲಿ ಹುಡುಗಿಯರಿಗೆ 13 ಶಾಲೆಗಳನ್ನೂ ಹುಡುಗರಿಗೆ 23 ಶಾಲೆಗಳನ್ನೂ ಕಂಡೆನೆಂದು ಬರೆದಿದ್ದಾನೆ. ಹುಡುಗಿಯರು ಕಲಿಯಬೇಕೇ ಎಂಬ ಪ್ರಶ್ನೆಗೆ ಈ ಕರಾವಳಿ ಅಷ್ಟು ಹಿಂದೆಯೇ ಉತ್ತರ ಕೊಟ್ಟಿತ್ತು. ನಾವು ಕೇಳುತ್ತಿರುವುದು ಅದರ ಮುಂದಿನ ಪಾಠವನ್ನು.

ಇಂದಿನ ಉದಾಹರಣೆಗಳೂ ಇವೆ. ಒಲಿಂಪಿಕ್ಸ್‌ನಲ್ಲಿ ವಿಂಡ್‌ಸರ್ಫಿಂಗ್ 1984ರಿಂದ ಇದೆ, ಮಹಿಳೆಯರ ಪ್ರತ್ಯೇಕ ಸ್ಪರ್ಧೆ 1992ರಿಂದ. ಹಾಂಗ್‌ಕಾಂಗ್‌ಗೆ ಅದರ ಇತಿಹಾಸದ ಮೊದಲ ಒಲಿಂಪಿಕ್ ಚಿನ್ನ ತಂದದ್ದು 1996ರಲ್ಲಿ ಲೀ ಲಾಯ್ ಶಾನ್ ಎಂಬ ವಿಂಡ್‌ಸರ್ಫಿಂಗ್ ಆಟಗಾರ್ತಿ. ಆಕೆ ಚ್ಯುಂಗ್ ಚೌ ಎಂಬ ಪುಟ್ಟ ದ್ವೀಪದ ಹುಡುಗಿ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಇಬಾದ್ ಅಲಿ ಪುರುಷರ ವಿಂಡ್‌ಸರ್ಫಿಂಗ್‌ನಲ್ಲಿ ಕಂಚು ಗೆದ್ದರು. ಅದೇ ಕೂಟದಲ್ಲಿ ಹುಡುಗಿಯರ ಹಾಯಿದೋಣಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್‌ಗೆ ಆಗ ನಮ್ಮದೇ ವಯಸ್ಸು. ಆಕೆ ಸಮುದ್ರವೇ ಇಲ್ಲದ ಮಧ್ಯಪ್ರದೇಶದವರು, ಕಲಿತದ್ದು ಭೋಪಾಲದ ಕೆರೆಯಲ್ಲಿ. ನಾವೆಲ್ಲ ಪದಕ ತರುತ್ತೇವೆ ಎಂದು ನಾನು ಹೇಳುತ್ತಿಲ್ಲ. ಹಿನ್ನೀರಿನಲ್ಲಿ ಕಲಿತು ಏನಾಗಬೇಕು ಎನ್ನುವವರು ಭೋಪಾಲದ ಕೆರೆಯನ್ನು ನೆನಪಿಸಿಕೊಳ್ಳಲಿ ಎಂದಷ್ಟೇ ಹೇಳುತ್ತಿದ್ದೇನೆ.

ಸಮಯದ ಬಗ್ಗೆಯೂ ಒಂದು ಮಾತು. ದ್ವಿತೀಯ ಪಿಯುಸಿಯವರನ್ನು ಕಳಿಸಬೇಡಿ ಎಂದರೆ ನಾನು ಒಪ್ಪುತ್ತೇನೆ. ಈ ವರ್ಷ ನಾನು ಹೋಗುವುದಿಲ್ಲ, ಮುಂದಿನ ವರ್ಷ ಈ ಕಾಲೇಜಿನಲ್ಲೇ ಇರುವುದಿಲ್ಲ. ಆದ್ದರಿಂದ ಇದರಲ್ಲಿ ನನಗೆ ಸ್ವಂತ ಲಾಭವಿಲ್ಲ. ಪ್ರಥಮ ಪಿಯುಸಿಯ ದಸರಾ ರಜೆಯೇ ಸರಿಯಾದ ಕಾಲ. ಬೋರ್ಡ್ ಪರೀಕ್ಷೆ ದೂರವಿರುತ್ತದೆ, ಮನಸ್ಸು ಹಗುರವಾಗಿರುತ್ತದೆ. ಅದೂ ಸಣ್ಣ ಗಾಳಿಯ ಕಾಲವೇ.

ಹಾಗಾಗಿ ಆಡಳಿತ ಮಂಡಳಿಗೆ ಮತ್ತು ಅಧ್ಯಾಪಕರಿಗೆ ನನ್ನ ವಿನಂತಿಗಳು ಇವು. ಶಿಬಿರವನ್ನು ಪಟ್ಟಿಯಲ್ಲಿ ಉಳಿಸಿ. ಪ್ರಥಮ ಪಿಯುಸಿಯ ಎಲ್ಲ ವಿಭಾಗಗಳ ಹುಡುಗ ಹುಡುಗಿಯರಿಗೂ, ಪ್ರತ್ಯೇಕ ತಂಡಗಳಲ್ಲಿ, ಅವಕಾಶ ಕೊಡಿ. ಹೊರಡುವ ಮುಂಚೆ ಈಜು ಬಾರದವರ ಪಟ್ಟಿ ಮಾಡಿ ಶಿಬಿರದವರಿಗೆ ತಿಳಿಸಿ. ಮಹಿಳಾ ತರಬೇತುದಾರರು, ಲೈಫ್ ಜಾಕೆಟ್, ರಕ್ಷಣಾ ದೋಣಿ ಮತ್ತು ವಸತಿಯ ವಿವರವನ್ನು ಉರ್ದು ಮತ್ತು ಕನ್ನಡ ಎರಡರಲ್ಲೂ ಬರೆದು ಪೋಷಕರ ಸಭೆಗೆ ಮುಂಚೆ ಮನೆಗೆ ಕಳಿಸಿ. ಕಳೆದ ವರ್ಷ ಹೋದ ನಾವು ಹನ್ನೊಂದು ಜನ ಆ ಸಭೆಗೆ ಬಂದು ಯಾವ ಪ್ರಶ್ನೆಗಾದರೂ ಉತ್ತರಿಸಲು ಸಿದ್ಧರಿದ್ದೇವೆ. ಹೇಗೂ ನಮ್ಮ ತಾಯಂದಿರೇ ಅತಿ ಕಠಿಣ ಪ್ರಶ್ನೆಗಳನ್ನು ಕೇಳಿ ಮುಗಿಸಿದ್ದಾರೆ.

ಪ್ರಥಮ ಪಿಯುಸಿಯ ಗೆಳೆಯ ಗೆಳತಿಯರಿಗೆ ಹೇಳುವುದು ಇಷ್ಟು. ಆಸಕ್ತಿ ಇದ್ದರೆ ಸುಮ್ಮನಿರಬೇಡಿ, ನಿಮ್ಮ ತರಗತಿಯ ಪ್ರತಿನಿಧಿಯ ಹತ್ತಿರ ಹೆಸರು ಬರೆಸಿ. ಹೆಸರುಗಳಿಲ್ಲದಿದ್ದರೆ ‘ಪರಿಶೀಲನೆ’ ಬೇಗ ಮುಗಿದುಬಿಡುತ್ತದೆ. ಹೋದರೆ ಜೊತೆಗೆ ಒಂದು ಸಣ್ಣ ನೋಟ್‌ಬುಕ್ ಮತ್ತು ಪೆನ್ಸಿಲ್ ಒಯ್ಯಿರಿ. ಪೆನ್ನಿನ ಇಂಕು ಒದ್ದೆ ಕೈಗೆ ಹರಡುತ್ತದೆ. ಎಡ, ಬಲ ಮತ್ತು ಎಲ್ಲಿ ಬಿದ್ದಿರಿ ಎಂದು ಮೂರು ಕಾಲಂ ಹಾಕಿಕೊಳ್ಳಿ. ನನ್ನ ನೋಟ್‌ಬುಕ್ ನೋಡಬೇಕೆನ್ನುವವರು ಬುಧವಾರ ಊಟದ ಬಿಡುವಿನಲ್ಲಿ ಲೈಬ್ರರಿಯ ಕಿಟಕಿಯ ಪಕ್ಕದ ಮೇಜಿಗೆ ಬನ್ನಿ, ನಾವು ಐದು ಜನ ಅಲ್ಲೇ ಇರುತ್ತೇವೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ